ಹುಳಿಹಿಟ್ಟಿನ ಭರಣಿ

ಬೇಕರಿಯ ಹಿಂದಿನ ಕೋಣೆ ಖಾಲಿ ಮಾಡಿಸಿದ ದಿನ ಮಾಲೀಕ ಹೇಳಿದ್ದು ಒಂದೇ ಮಾತು: "ನಿನ್ನ ಸಾಮಾನು ಒಂದೂ ಇಲ್ಲಿ ಉಳೀಬಾರ್ದು." ಮದುವೆಯಾದಾಗಿನಿಂದ ಬ್ರೆಡ್ಡಿನವನು ಸಂಸಾರ ಹೂಡಿದ್ದ ಕೋಣೆ ಅದು. ಭಟ್ಟಿಯ ಗೋಡೆಗೆ ಅಂಟಿಕೊಂಡಿತ್ತು. ನಿದ್ದೆಗಣ್ಣಲ್ಲೇ ಎದ್ದು ಹೋಗಿ ಹಿಟ್ಟು ನಾದಬಹುದಿತ್ತು. ಹೆಚ್ಚು ಬಾಡಿಗೆ ಕೊಡುವವರು ಸಿಕ್ಕಿದ್ದರು, ಅಷ್ಟೇ.

ಬ್ರೆಡ್ಡಿನವನು ಮಾತು ಮೀರಲಿಲ್ಲ. ಹುಳಿಹಿಟ್ಟಿನ ಭರಣಿಯನ್ನೂ ಹೆಂಡತಿಯ ಮಡಿಲಲ್ಲಿಟ್ಟು ಕೊನೆಯ ಸ್ಟಾಪಿನ ಬಸ್ಸು ಹತ್ತಿದ. ಅವನ ಸಂಬಳಕ್ಕೆ ಬಾಡಿಗೆ ಮನೆ ಸಿಕ್ಕಿದ್ದು ಅಲ್ಲಿ ಮಾತ್ರ.

ಆ ಬೇಕರಿಯ ಬ್ರೆಡ್ಡಿಗೆ ಜನ ಸಾಲುಗಟ್ಟುತ್ತಿದ್ದುದೇ ಆ ಭರಣಿಯಿಂದ. ಅವನ ಅಪ್ಪ ಹುದುಗಿಸಿದ್ದ ಹಿಟ್ಟು. ದಿನಾ ಅದಕ್ಕೆ ಹೊಸ ಹಿಟ್ಟು, ನೀರು ಉಣಿಸಬೇಕು, ಒಂದು ಮುದ್ದೆ ತೆಗೆದು ಅಂದಿನ ಬ್ರೆಡ್ಡಿಗೆ ಸೇರಿಸಬೇಕು. ಭಟ್ಟಿಯ ಕಡೆ ತಲೆ ಹಾಕಿಯೂ ಮಲಗದ ಮಾಲೀಕನಿಗೆ ಇದೆಲ್ಲ ಎಲ್ಲಿ ಗೊತ್ತು!

ಈಗ ಬ್ರೆಡ್ಡಿನವನು ದಿನಾ ಮನೆಯಿಂದ ಮುದ್ದೆಯನ್ನು ಡಬ್ಬಿಗೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಬೇಕರಿಗೆ ಬರುತ್ತಿದ್ದ. ಬಸ್ಸು ತಡವಾದ ದಿನ ಬ್ರೆಡ್ಡೂ ತಡ. ಮಾಲೀಕ ಗಿರಾಕಿಗಳ ಎದುರೇ ಮುಖದ ನೀರಿಳಿಸುತ್ತಿದ್ದ.

"ಯಜಮಾನ್ರೇ, ಮನೆ ದೂರ..."

"ದೂರ ಇದ್ರೆ ನಾನೇನ್ ಮಾಡ್ಲಿ? ಬೇಗ ಎದ್ದು ಬಾ."

ಬ್ರೆಡ್ಡಿನವನು ಇನ್ನೂ ಬೇಗ ಏಳತೊಡಗಿದ. ಮನೆ ಬಿಡುವಾಗ ಮಗಳು ನಿದ್ದೆಯಲ್ಲಿ, ಮರಳುವಾಗಲೂ ನಿದ್ದೆಯಲ್ಲಿ. ಒಂದು ರಜೆಯ ದಿನ ಅವಳು, ನೆಂಟರು ಬಂದರೆ ಮಾತ್ರ ಕಪಾಟಿನಿಂದ ಇಳಿಸುವ ಗಾಜಿನ ಲೋಟದಲ್ಲಿ ಅವನಿಗೆ ನೀರು ತಂದುಕೊಟ್ಟಳು. ಹೆಂಡತಿ ನಕ್ಕಳು. ಅವನು ಲೋಟವನ್ನು ಹಾಗೆಯೇ ಕೆಳಗಿಟ್ಟ. ಮಾಲೀಕನಿಗೆ ಇದಕ್ಕೆ ತಕ್ಕ ಶಾಸ್ತಿ ಮಾಡದೆ ಬಿಡಬಾರದು ಎಂದುಕೊಂಡ.

ಮರುದಿನದಿಂದ ಕೆಲಸಕ್ಕೆ ಹೋಗಲೇ ಇಲ್ಲ. ಮನೆಯ ಮುಂದೆಯೇ ಸಣ್ಣದೊಂದು ಭಟ್ಟಿ ಕಟ್ಟಿದ. ನಸುಕಿನ ಬಸ್ಸಿಗೆ ಓಡುವವರು, ಅವನ ಹಾಗೆಯೇ ಊರಾಚೆ ದಬ್ಬಿಸಿಕೊಂಡವರು, ಬಿಸಿ ಬ್ರೆಡ್ಡು ಕೊಂಡು ಹೋದರು. ಅತ್ತ ಮಾಲೀಕ ತಂದ ಹೊಸಬ ಈಸ್ಟು ಹಾಕಿ ಬೇಯಿಸಿದ ಬ್ರೆಡ್ಡನ್ನು ಗಿರಾಕಿಗಳು ಮೂಸಿ ವಾಪಸು ಇಟ್ಟರಂತೆ. ಸುದ್ದಿ ಅದೇ ಬಸ್ಸಿನಲ್ಲಿ ಬಂತು. ಬ್ರೆಡ್ಡಿನವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾಲೀಕನಿಗೆ ಆ ಡಬ್ಬಿಯ ನೆನಪಾದದ್ದು ಆಗ. ಒಂದು ಮಧ್ಯಾಹ್ನ ಎರಡು ಬಸ್ಸಿನಲ್ಲೂ ನಿಂತೇ ಬಂದು ಇಳಿದ. ಅಂಗಿ ಬೆನ್ನಿಗೆ ಅಂಟಿತ್ತು.

"ಡಬ್ಬೀಲಿ ತರ್ತಿದ್ಯಲ್ಲ, ಆ ಹಿಟ್ಟು ಒಂದು ಮುದ್ದೆ ಕೊಡಪ್ಪ."

"ಕೊಡ್ತೀನಿ. ದಿನಾ ಒಂದೊಂದು ಮುದ್ದೆ. ಆದ್ರೆ ಬೆಳಗಿನ ಜಾವ ಮಾತ್ರ."

ಒಂದೇ ಮುದ್ದೆಯನ್ನು ಒಯ್ದು ದಿನಾ ಹಿಟ್ಟು, ನೀರು ಉಣಿಸಿ ಸಾಕಿಕೊಂಡರೂ ಮಾಲೀಕನಿಗೆ ಸಾಕಿತ್ತು. ಅದನ್ನು ಬ್ರೆಡ್ಡಿನವನು ಹೇಳಲಿಲ್ಲ, ಹೇಳುವವನೂ ಅಲ್ಲ.

"ಅಷ್ಟೊತ್ತಿಗೆ ಹೇಗಪ್ಪ ಬರ್ಲಿ? ಇಷ್ಟು ದೂರ..."

"ದೂರ ಇದ್ರೆ ನಾನೇನ್ ಮಾಡ್ಲಿ ಯಜಮಾನ್ರೇ? ಬೇಗ ಎದ್ದು ಬನ್ನಿ."

ಆಮೇಲೆ ಒಳಗೆ ಆಡುತ್ತಿದ್ದ ಮಗಳನ್ನು ಕೂಗಿದ.

"ಪುಟ್ಟಿ, ನೆಂಟರು ಬಂದಿದ್ದಾರೆ. ಆ ಗಾಜಿನ ಲೋಟದಲ್ಲಿ ನೀರು ಕೊಡಮ್ಮ."