ಯಾಮಿನಿ ಕಟ್ಟಿದ ಸ್ಲೊವೇನಿಯಾ

ಯಾಮಿನಿ ಸ್ಲೊವೇನಿಯಾವನ್ನು ಕಂಡವಳಲ್ಲ. ಆದರೂ ಜಪಾನಿನ ಹಮಾಮತ್ಸುವಿನ ಒಂದು ಸಣ್ಣ ಕಾರ್ಯಾಗಾರದಲ್ಲಿ ಕೂತು, ಮಾರ್ಚ್‌ನಿಂದ ಜುಲೈವರೆಗೆ, ಆ ದೇಶವನ್ನು ಬೆಟ್ಟ ಸಮೇತ ಕಟ್ಟಿ ಮುಗಿಸಿದಳು.

ಅವಳು ತುಮಕೂರಿನವಳು, ಸಸ್ಯಶಾಸ್ತ್ರ ಓದಿದವಳು. ಗಂಡ ಸುಪ್ರೀತ್ ಮೋಟಾರ್‌ಸೈಕಲ್ ಇಂಜಿನಿಯರ್. ಅವನ ಜೊತೆ ಜಪಾನಿಗೆ ಬಂದು ಎರಡು ವರ್ಷ ಭಾಷೆ ಕಲಿತಳು. ಮೂರನೆಯ ವರ್ಷ ಮಿಯಾಗಾವಾ ಎಂಬ ಹಿರಿಯರ ಬಳಿ ಕೆಲಸಕ್ಕೆ ಸೇರಿದಳು. ಶಾಲೆಗಳಿಗೂ ವಸ್ತುಸಂಗ್ರಹಾಲಯಗಳಿಗೂ ಉಬ್ಬು ನಕಾಶೆ ಮಾಡಿಕೊಡುವ ಜಾಗ ಅದು.

ಆ ವಸಂತದಲ್ಲಿ ಅಂಧ ಮಕ್ಕಳ ಶಾಲೆಯೊಂದರಿಂದ ಕೆಲಸ ಬಂತು. ಮಕ್ಕಳು ಎರಡು ಕೈ ಚಾಚಿದರೆ ಒಂದಿಡೀ ದೇಶ ಸಿಗಬೇಕು. ಅದರಲ್ಲಿ ಹಿಮದ ಪರ್ವತ, ಕಾಡು, ಗುಹೆ, ಕಡಲು ಎಲ್ಲವೂ ಇರಬೇಕು. ಭೂಗೋಳದ ಶಿಕ್ಷಕಿ ಸ್ಲೊವೇನಿಯಾವನ್ನು ಆರಿಸಿದ್ದರು.

"ಬಣ್ಣ ಬೇಡ. ಬೆರಳಿಗೆ ತಿಳಿದರೆ ಸಾಕು," ಎಂದರು ಮಿಯಾಗಾವಾ ಸಾನ್.

ಕರ್ನಾಟಕದ ಹತ್ತನೇ ಒಂದು ಪಾಲಿನಷ್ಟು ದೇಶ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಡು. ಯಾಮಿನಿ ಕಾಡಿಗೆ ಒರಟು ಉಣ್ಣೆಬಟ್ಟೆ ಅಂಟಿಸಿದಳು, ಸುಣ್ಣಕಲ್ಲಿನ ಸೀಮೆಯಲ್ಲಿ ಗುಹೆಗಳಿಗೆ ತೂತು ಕೊರೆದಳು. ಕಡಲತೀರ ನಲವತ್ತೇಳು ಕಿಲೋಮೀಟರ್. ನಕಾಶೆಯಲ್ಲಿ ಅವಳ ಅಂಗೈ ಅಗಲ. ಈಗಿನ ಗಡಿಗೆ ದಪ್ಪ ದಾರ, ಅಳಿದುಹೋದ ಗಡಿಗಳಿಗೆ ಹೊಲಿಗೆಯ ನೂಲು. ಬಸ್ಸಿನಲ್ಲಿ ಮನೆಗೆ ಮರಳುವಾಗ ಕಿಟಕಿಯಾಚೆಯ ಹಮಾನಾ ಸರೋವರ ಹಿಂದೆ ಸರಿದು, ಎಂದೂ ತುಳಿಯದ ಕಣಿವೆಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಇಳಿಯಬೇಕಾದ ನಿಲ್ದಾಣ ಎರಡು ಸಲ ತಪ್ಪಿಹೋಯಿತು.

"ತಟ್ಟೆ ಮುಂದೆ ಕೂತ್ಕೊಂಡು ಎಲ್ಲಿಗ್ ಹೋದೆ?" ಎಂದ ಸುಪ್ರೀತ್ ಒಂದು ಸಂಜೆ.

"ಪೋಸ್ಟೋಯ್ನಾಗೆ. ಗೊತ್ತಾ, ಆ ಊರಲ್ಲಿ ಸಾವಿರದ ಒಂಬೈನೂರ ಹತ್ತರಲ್ಲಿ ಹುಟ್ಟಿದ ಒಬ್ಳು ಅಜ್ಜಿ, ಮನೆ ಬಿಟ್ಟು ಕದಲ್ದೇ ಇದ್ರೂ ನಾಲ್ಕು ದೇಶದಲ್ಲಿ ಬದುಕಿರ್ತಾಳೆ. ಮೊದ್ಲು ಆಸ್ಟ್ರಿಯಾ-ಹಂಗೇರಿ, ಆಮೇಲೆ ಇಟಲಿ, ಆಮೇಲೆ ಯುಗೋಸ್ಲಾವಿಯಾ. ತೊಂಬತ್ತೊಂದರಲ್ಲಿ ಸ್ಲೊವೇನಿಯಾ."

"ನಾವು ಒಂದು ವೀಸಾ ರಿನ್ಯೂ ಮಾಡ್ಸೋಕೇ ಒದ್ದಾಡ್ತೀವಲ್ಲೇ!"

ಯಾಮಿನಿ ನಕ್ಕಳು. ಆದರೆ ಆ ಅಜ್ಜಿ ಅವಳನ್ನು ಬಿಡಲಿಲ್ಲ. ಹಳೆಯ ಗಡಿಯ ನೂಲು ಎಳೆಯುವಾಗೆಲ್ಲ, ಆ ಗಡಿ ಯಾರದೋ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಸದ್ದಿಲ್ಲದೆ ಹಾದುಹೋಗುತ್ತಿರುವಂತೆ ಅನಿಸುತ್ತಿತ್ತು.

ಜೂನ್‌ನಲ್ಲಿ ಶಿಕ್ಷಕಿ ನೊಝಾಕಿ ಸಾನ್ ಪರೀಕ್ಷಿಸಲು ಬಂದರು. ಅವರಿಗೂ ಕಣ್ಣು ಕಾಣುತ್ತಿರಲಿಲ್ಲ. ಕೈ ತೊಳೆದು, ಒರೆಸಿಕೊಂಡು, ವಾಯವ್ಯದ ತ್ರಿಗ್ಲಾವ್ ಶಿಖರದಿಂದ ಶುರುಮಾಡಿದರು. ಹತ್ತು ಬೆರಳುಗಳು ನಿಧಾನವಾಗಿ ಇಳಿದವು, ಕಾಡು ದಾಟಿದವು, ಗುಹೆಯ ಬಾಯಲ್ಲಿ ತಡೆದವು. ಆಮೇಲೆ ಬಿಸ್ಕತ್ತಿನಷ್ಟಗಲದ ಒಂದು ನುಣುಪಾದ ಜಾಗದಲ್ಲಿ ನಿಂತವು.

"ಯಾಮಿನಿ ಸಾನ್, ಇಲ್ಲಿ ಈಗ ಯಾವ ತಿಂಗಳು?"

ಯಾಮಿನಿಯ ಮುಖ ಬಿಸಿಯಾಯಿತು. ಅದು ತ್ಸೆರ್ಕ್ನಿತ್ಸಾ ಸರೋವರ. ಮಳೆಗೆ, ಹಿಮ ಕರಗಿದಾಗ ತುಂಬುತ್ತದೆ. ಬೇಸಿಗೆಯಲ್ಲಿ ನೀರೆಲ್ಲ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದುಹೋಗಿ ಹುಲ್ಲುಗಾವಲಾಗುತ್ತದೆ. ಅವಳು ಅದನ್ನು ಓದಿದ್ದಳು. ಓದಿಯೂ, ಭೂಪಟದಲ್ಲಿ ನೀಲಿ ಇದೆಯೆಂದು ನೀರನ್ನೇ ಮಾಡಿದ್ದಳು.

"ಸುಮಿಮಾಸೆನ್," ಎಂದು ಕ್ಷಮೆ ಕೇಳಿ ತಲೆಬಾಗಿದಳು.

"ತಪ್ಪೇನಿಲ್ಲ. ಆದರೆ ಅಲ್ಲಿಯ ಜನ ಮೀನು ಹಿಡಿದ ಜಾಗದಲ್ಲೇ ಹುಲ್ಲು ಕೊಯ್ಯುತ್ತಾರೆ. ಮಕ್ಕಳಿಗೆ ಎರಡೂ ಸಿಗಲಿ."

ಯಾಮಿನಿ ಸರೋವರವನ್ನು ಕತ್ತರಿಸಿ ತೆಗೆದಳು. ಆ ಗುಳಿಗೆ ಸರಿಯಾಗಿ ಕೂರುವ ಎರಡು ಬಿಲ್ಲೆಗಳನ್ನು ಮಾಡಿದಳು. ನೀರಿನದು ಸುಲಭ, ಮೆರುಗೆಣ್ಣೆ ಸಾಕಿತ್ತು. ಹುಲ್ಲು ಕೈಗೂಡಲಿಲ್ಲ; ಉಣ್ಣೆ ಹಾಕಿದರೆ ಕಾಡಿನಂತಿತ್ತು, ಬ್ರಷ್ಷಿನ ಎಳೆ ಚುಚ್ಚುತ್ತಿತ್ತು. ಕೊನೆಗೆ ತೆನ್ರ್ಯೂ ನದಿಯ ದಂಡೆಯಿಂದ ಎಳೆಹುಲ್ಲು ತಂದು ಒಣಗಿಸಿ, ಎಸಳೆಸಳಾಗಿ ಅಂಟಿಸಿ, ಸಣ್ಣ ಕತ್ತರಿಯಿಂದ ಮಟ್ಟ ಮಾಡಿದಳು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿತ್ತು. ಕತ್ತರಿ ಆಡಿದಷ್ಟೂ ಅವಳು ಚಿಕ್ಕವಳಾಗುತ್ತ ಹೋದಳು. ಬತ್ತಿದ ಸರೋವರದ ತಳದಲ್ಲಿ ಎದೆಮಟ್ಟದ ಹುಲ್ಲಿನ ನಡುವೆ ನಿಂತಿದ್ದಳು, ಕಾಲಡಿಯಲ್ಲೆಲ್ಲೋ ನೀರು ಹರಿಯುವ ಸದ್ದು. ಮಿಯಾಗಾವಾ ಸಾನ್ ಚಹಾ ತಂದಿಟ್ಟದ್ದು, ಅದು ಆರಿದ್ದು ಅವಳಿಗೆ ತಿಳಿಯಲೇ ಇಲ್ಲ.

ನಕಾಶೆ ಜುಲೈನಲ್ಲಿ ಶಾಲೆ ಸೇರಿತು. ಬೇಸಿಗೆ ರಜೆ ಮುಗಿದ ಮೇಲೆ ನೊಝಾಕಿ ಸಾನ್ ಅವಳನ್ನು ಕರೆಸಿಕೊಂಡರು. ನೀರು ಯಾವಾಗ ಬರಬೇಕೆಂದು ಮಕ್ಕಳಲ್ಲಿ ದಿನವೂ ಜಗಳವಂತೆ. ಬಿಲ್ಲೆ ಬದಲಿಸಲು ಸರದಿ ಪಟ್ಟಿ ಮಾಡಬೇಕಾಯಿತಂತೆ.

"ನೀವು ಯಾವತ್ತಾದರೂ ಕಣ್ಣು ಮುಚ್ಚಿ ಇದನ್ನು ಮುಟ್ಟಿದ್ದೀರಾ?"

ಇಲ್ಲ ಎಂದಳು ಯಾಮಿನಿ. ಶಿಕ್ಷಕಿ ಅವಳ ಕೈ ಹಿಡಿದು ಶಿಖರದ ಮೇಲಿಟ್ಟರು. ತಾನೇ ಕಟ್ಟಿದ ಊರುಗಳಲ್ಲಿ ಯಾಮಿನಿ ದಾರಿ ತಪ್ಪಿದಳು. ಎರಡು ಸಲ ಗಡಿಯ ದಾರ ದಾಟಿ ಇಟಲಿಗೆ ಹೋದಳು. ಎರಡು ಸಲವೂ ನೊಝಾಕಿ ಸಾನ್ ನಗುತ್ತ ಹಿಂದಕ್ಕೆ ಕರೆತಂದರು. ಬಹಳ ಹೊತ್ತಿನ ಮೇಲೆ ನೆಲ ಮುಗಿದು ಬೆರಳಿಗೆ ತಣ್ಣನೆಯ ನುಣುಪು ತಾಗಿತು.

"ಸಮುದ್ರ," ಎಂದಳು ಯಾಮಿನಿ, ಕನ್ನಡದಲ್ಲೇ.