ಹಳದಿ ಗೊಮೆಸಿಯ ನಸ್ಸಾಜಿ
ಭುಜದ ತುದಿಗಳು ಕೊಂಬಿನಂತೆ ನೆಟ್ಟಗೆ ನಿಂತ, ಕಣ್ಣು ಕುಕ್ಕುವ ಹಳದಿ ಗೊಮೆಸಿ ನಿಲುವಂಗಿ ತೊಟ್ಟು ನಸ್ಸಾಜಿ ಬಂದಳೆಂದರೆ ಕಂಪಾಲದ ಸೇನಾ ನ್ಯಾಯಾಲಯದ ಕಾವಲುಗಾರ ಒಡೊಂಗನಿಗೆ ತಲೆನೋವು ಶುರು. ಸಾಮಾನ್ಯ ಜನರನ್ನು ಸೈನಿಕರು ವಿಚಾರಣೆ ಮಾಡುವಾಗ ನ್ಯಾಯದ ರೀತಿ ತಪ್ಪದಂತೆ ಗಮನಿಸಲು ಒಂದು ಸಂಘ ಕಳಿಸುವ ವೀಕ್ಷಕಿ ಅವಳು. ನೋಡಬಹುದು, ತುಟಿ ಬಿಚ್ಚುವಂತಿಲ್ಲ. ಆ ಕೊರತೆಯನ್ನೆಲ್ಲ ಮನೆಯಲ್ಲಿ ತೀರಿಸಿಕೊಳ್ಳುತ್ತಾಳೆ. ಕೋಳಿ ಕದ್ದನೆಂದು ನೆರೆಯವಳು ಯಾರದೋ ಕಿವಿ ಹಿಂಡಿದರೆ, “ಕೋಳಿ ನಿಂದು, ದೂರು ನಿಂದು, ತೀರ್ಪೂ ನಿಂದೇನಾ? ಬಿಡೇ ಕಿವಿ!” ಎಂದು ಬೀದಿಗೆಲ್ಲ ಕೇಳುವಂತೆ ಅಬ್ಬರಿಸುತ್ತಾಳೆ, ಬೇಯಿಸಿದ ಬಾಳೆಕಾಯಿಯ ಮಟೋಕೆಗೆ ಉಪ್ಪು ಕಮ್ಮಿ ಎಂದ ಗಂಡನನ್ನು ಸಾಕ್ಷಿ ಕೇಳುತ್ತಾಳೆ. “ಇವತ್ತು ಕೇಸಿಲ್ಲ ಕಣಮ್ಮಾ, ಮನೆಗೆ ಹೋಗು,” ಎಂದು ಒಡೊಂಗ ಸುಳ್ಳು ಬಿಟ್ಟರೆ, “ಆಯ್ತಪ್ಪಾ, ಕಾಲು ನೋಯ್ತಿದೆ, ಒಂಚೂರು ಕೂತು ಹೋಗ್ತೀನಿ,” ಎಂದು ಹಿಂದಿನ ಬೆಂಚಿನಲ್ಲಿ ಕೂತೇಬಿಡುತ್ತಾಳೆ. ಕೈಕೋಳ ತೊಟ್ಟ ಆರೋಪಿಗಳು ಒಳಬಂದಾಗ ಒಡೊಂಗನತ್ತ ತಿರುಗಿ ಹುಬ್ಬು ಹಾರಿಸುತ್ತಾಳೆ. ಆ ಹಳದಿ ಬಣ್ಣ ಕಣ್ಣಿಗೆ ಬಿದ್ದೊಡನೆ ಪೀಠದ ಮೇಲಿನ ಅಧಿಕಾರಿ ಸರಿಯಾಗಿ ಕೂತು, “ನಿನಗೆ ವಕೀಲರಿದ್ದಾರೇನಪ್ಪಾ?” ಎಂದು ಕೇಳುತ್ತಾರೆ. ಮೊನ್ನೆ, ಮನೆಯವರಿಗೆ ಸುದ್ದಿಯೇ ಮುಟ್ಟದೆ ಕಟಕಟೆ ಹತ್ತಿದ ಬಾಡಿಗೆ ಬೈಕ್ ಓಡಿಸುವ ಯುವಕನೊಬ್ಬ ಅವಳನ್ನೇ ನೋಡುತ್ತ, “ಅವರು ಯಾರ ತಾಯಿ, ಸಾರ್?” ಎಂದು ಪಿಸುಗುಟ್ಟಿದ. ಪಕ್ಕದಲ್ಲೇ ಕಾವಲಿದ್ದ ಒಡೊಂಗ ಗದರಲೆಂದು ಬಾಯಿ ತೆರೆದವನು, “ಇವತ್ತಿನ ಮಟ್ಟಿಗೆ ನಿನ್ ತಾಯೀನೇ ಕಣೋ, ನೆಟ್ಟಗೆ ನಿಂತ್ಕೋ,” ಎಂದ.