ದೊಡ್ಡ ಸೊಸೆಯ ಉಡಿ

ರೋಣದಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನ ಹೊಲಿಗೆ ಅಂಗಡಿ ಇದೆ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಮನೆಯ ಪಡಸಾಲೆಯಲ್ಲಿ ಎರಡು ಮಷಿನ್ನು, ಬಟ್ಟೆ ಕತ್ತರಿಸಲು ಒಂದು ಮೇಜು, ಗೋಡೆಯ ಮೇಲೆ ಒಂದು ಟಿವಿ, ಅಷ್ಟೇ. ಟಿವಿ ಹಾಕಿಸಿದಾಗ ನರಗುಂದದಲ್ಲಿರುವ ನನ್ನ ತಂಗಿ ಫೋನಿನಲ್ಲೇ ಬೈದಿದ್ದಳು, ಕೆಲಸ ಕೆಡುತ್ತದೆ ಎಂದು. ಕೆಲಸವೇನೂ ಕೆಟ್ಟಿಲ್ಲ. ಕೆಟ್ಟದ್ದು ನಮ್ಮ ಬಾಯಿ ಮಾತ್ರ. ಸಂಜೆ ಏಳೂವರೆಗೆ ಬರುವ ಧಾರಾವಾಹಿಯನ್ನು ಮೂವರೂ ಅವರವರ ಮನೆಯಲ್ಲಿ ನೋಡುತ್ತೇವೆ, ಮರುದಿನ ಬೆಳಿಗ್ಗೆ ಅದರ ಮೇಲೆ ಜಗಳಾಡುತ್ತೇವೆ, ಮಧ್ಯಾಹ್ನ ಮರುಪ್ರಸಾರ ನೋಡಿ ಅದೇ ಜಗಳವನ್ನು ಮತ್ತೊಮ್ಮೆ ಆಡುತ್ತೇವೆ.

ಮೂವರು ಅಂದರೆ ನಾನು, ಆಯಿ ಮತ್ತು ಭಾಬಿ. ಆಯಿ ಎಪ್ಪತ್ತರ ಹತ್ತಿರದ ಮುದುಕಿ. ಸವಡಿಯಿಂದ ದಿನಾ ಬೆಳಗಿನ ಬಸ್ಸಿಗೆ ಬಂದು ನನ್ನಲ್ಲಿ ಹುಕ್ಕು ಹಚ್ಚುವುದು, ಅಂಚು ಹೊಲಿಯುವುದು, ಇಂಥ ಕೈಹೊಲಿಗೆಯನ್ನೆಲ್ಲ ಮಾಡುತ್ತಾಳೆ. ಮನೆಯಲ್ಲಿ ಆಕೆಯ ಮುದುಕ ಇನ್ನೂ ಗಟ್ಟಿಯಾಗಿದ್ದಾನೆ, ತಂಬಾಕು ತಿನ್ನುತ್ತ ಕಟ್ಟೆಯ ಮೇಲೆ ಕೂತಿರುತ್ತಾನೆ. ಭಾಬಿ ಪಕ್ಕದ ಬಳೆ ಅಂಗಡಿಯವಳು. ಗಿರಾಕಿ ಇಲ್ಲದಾಗ ಗಂಡನನ್ನು ಗಲ್ಲೆಯ ಮೇಲೆ ಕೂರಿಸಿ ನನ್ನ ಹೊಸ್ತಿಲ ಮೇಲೆ ಬಂದು ಕೂರುತ್ತಾಳೆ. ಮುಂದಿನ ಕಂತಿನ ತುಣುಕನ್ನು ಫೋನಿನಲ್ಲಿ ಮೊದಲೇ ನೋಡಿ ನಮ್ಮ ಖುಷಿಗೆ ಕಲ್ಲು ಹಾಕುವುದು ಆಕೆಯ ಕೆಲಸ.

ನನ್ನ ಸಂಗತಿಯನ್ನೂ ಈಗಲೇ ಹೇಳಿಬಿಡುತ್ತೇನೆ. ಯಜಮಾನರು ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ನನ್ನ ಉಡಿಯನ್ನು ಯಾರೂ ತುಂಬಿಲ್ಲ. ನಮ್ಮ ಕಡೆ ಮುತ್ತೈದೆ ಮನೆಗೆ ಬಂದರೆ ಬರಿದೇ ಕಳಿಸುವುದಿಲ್ಲ. ಸೆರಗು ಹಿಡಿಸಿ ಅದರಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಹಾಕಿ, ಮೇಲೆ ಕುಪ್ಪಸದ ಬಟ್ಟೆ ಇಟ್ಟು ಕಳಿಸುತ್ತಾರೆ. ಆ ಬಟ್ಟೆಗೆ ಕಣ ಅನ್ನುತ್ತೇವೆ. ಆ ಕಣಗಳೇ ನನ್ನ ಅನ್ನ. ಊರಿನ ಹೆಂಗಸರ ಉಡಿಗೆ ಬಿದ್ದ ಕಣಗಳೆಲ್ಲ ಕುಪ್ಪಸವಾಗಲು ನನ್ನ ಮೇಜಿಗೇ ಬರುತ್ತವೆ. ಯಾರ ಉಡಿ ಯಾವ ಮನೆಯಲ್ಲಿ ತುಂಬಿತು, ಯಾರು ಚಲೋ ಕಣ ಕೊಟ್ಟರು, ಯಾರು ಕೈ ಬಿಗಿಹಿಡಿದರು ಎಂಬುದೆಲ್ಲ ನನಗೆ ಗೊತ್ತು. ನನಗೆ ಮಾತ್ರ ಒಂದೂ ಬರುವುದಿಲ್ಲ. ಅದಕ್ಕಾಗಿ ಅಳುತ್ತ ಕೂತವಳಲ್ಲ ನಾನು. ಕೈತುಂಬ ಕೆಲಸವಿದೆ, ಬಾಯಿತುಂಬ ಮಾತಿದೆ, ಬೇಕಾದ್ದನ್ನು ಉಂಡು ತಿಂದು ಸುಖವಾಗಿದ್ದೇನೆ. ಆದರೆ ಒಮ್ಮೊಮ್ಮೆ ಸಿಟ್ಟು ಬರುತ್ತಿತ್ತು.

ತಂಗಿಯ ಮಗಳ ಕುಬಸದಲ್ಲಿ ಬಂದದ್ದು ಅಂಥ ಸಿಟ್ಟು. ಬಸುರಿಗೆ ಮಾಡುವ ಆ ಕಾರ್ಯಕ್ಕೆಂದು ಹಸಿರು ಕಣದ ಕುಪ್ಪಸವನ್ನು ನಾನೇ ಹೊಲಿದು ನರಗುಂದಕ್ಕೆ ಒಯ್ದಿದ್ದೆ. ತೋಳಿನ ಅಂಚಿಗೆ ಕೈಯಿಂದ ಕಸೂತಿ ಹಾಕಿದ್ದೆ. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುವ ಹೊತ್ತಿಗೆ ತಂಗಿ ಬಂದು, "ಅಕ್ಕಾ, ಒಳಗ ಹೋಳಿಗಿ ಸೀಯಾಕ ಹತ್ಯಾವೇನೊ, ಚೂರು ನೋಡಿ ಬಾ" ಅಂದಳು. ಹೋಳಿಗೆ ಸೀಯುತ್ತಿರಲಿಲ್ಲ. ಹೋಳಿಗೆಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಹಾಡು ಕೇಳಿದೆ. ಬಂದ ಹೆಂಗಸರಿಗೆಲ್ಲ ಕಣ ಸಿಕ್ಕಿತು. ನಾನು ಬರಿಯ ಚೀಲ ಹಿಡಿದು ಬಸ್ ಹತ್ತಿದೆ. ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ.

ಇನ್ನು ಆ ಧಾರಾವಾಹಿ. ಅದರಲ್ಲಿ ಒಂದು ದೊಡ್ಡ ಮನೆ, ಆ ಮನೆಗೊಬ್ಬ ದೊಡ್ಡ ಸೊಸೆ. ಮೊದಮೊದಲು ಆಕೆಯೇ ಎಲ್ಲ. ಎಣ್ಣೆ ಗಿರಣಿ ನಡೆಸುತ್ತಿದ್ದಳು, ಮಾವನಿಗೆ ಎದುರು ಮಾತಾಡುತ್ತಿದ್ದಳು, ಕಳ್ಳ ಮ್ಯಾನೇಜರನನ್ನು ಹಿಡಿದುಕೊಟ್ಟಿದ್ದಳು. ಆಮೇಲೆ ಕಥೆ ಬರೆಯುವವರು ಆಕೆಯ ಗಂಡನನ್ನು ಕೊಂದರು. ಅಲ್ಲಿಗೆ ಆಕೆಯ ಗಿರಣಿಯೂ ಹೋಯಿತು, ಮಾತೂ ಹೋಯಿತು. ಮನೆಯ ಉಳಿದವರು ಹಾಸಿಗೆಯಿಂದ ಏಳುವಾಗಲೂ ರೇಷ್ಮೆ ಸೀರೆಯಲ್ಲಿ ಇರುತ್ತಿದ್ದರು. ಈಕೆ ಬೂದಿ ಬಣ್ಣದ ಸೀರೆ ಉಟ್ಟು, ತಾಟು ಹಿಡಿದು, ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಡುತ್ತಿದ್ದಳು. ಎಲ್ಲರೂ ಸಣ್ಣ ಸೊಸೆಯ ಪ್ರೇಮದ ಹಿಂದೆ ಬಿದ್ದರು.

ನಮ್ಮ ಜಗಳ ಶುರುವಾದದ್ದು ಅಲ್ಲಿಂದ.

"ನಾಕ ವರ್ಷ ಮನಿ ಹೊತ್ತಾಳ," ಆಯಿ ಸೂಜಿ ಆಡಿಸುತ್ತ ಹೇಳಿದಳು. "ಈಗ ಆಕೀನ ಕಸದಂಗ ಮೂಲ್ಯಾಗ ಸರಿಸ್ಯಾರ. ಅವರಿಗೆ ಚಲೋ ಆಗೂದಿಲ್ಲ."

"ಆಯಿ, ಅದು ವ್ಯಾಪಾರ ಐತಿ," ಅಂದಳು ಭಾಬಿ. "ನಮ್ಮ ಅಂಗಡ್ಯಾಗೂ ಹಂಗ. ಓಡೂ ಬಳಿ ಮುಂದ ಇಡ್ತೀವಿ, ಓಡಲಾರದ್ದು ಹಿಂದ ಇಡ್ತೀವಿ. ಮಂದಿಗೆ ಸಣ್ಣ ಸೊಸಿ ಬೇಕಾಗ್ಯಾಳ."

"ಮಂದಿ ಯಾರು? ನಾವ ಮಂದಿ," ಅಂದೆ ನಾನು. "ನಮ್ಮನ್ನ ಯಾರ ಕೇಳ್ಯಾರ? ಗಂಡ ಸತ್ತ ಹೆಣ್ಮಗಳಿಗೆ ಏನ್ ಕೆಲಸ ಕೊಡಬೇಕಂತ ಆ ಬರಿಯವಗ ತಿಳಿವಲ್ದು. ಹೊಲಿಯಾಕ ಬರಲಾರದವ ಅರಿವಿ ಕತ್ತರಿಸಿ ಕುಂತಾನ."

ಹೇಳಿದ ಮೇಲೆ ನನ್ನ ದನಿ ಬೇಕಾದ್ದಕ್ಕಿಂತ ಜೋರಾಯಿತು ಅನ್ನಿಸಿತು. ಭಾಬಿ ಫೋನು ನೋಡಿದಳು. ಆಯಿ ದಾರ ಕಡಿದು, "ಹಸರ ದಾರದ ಉಂಡಿ ಎಲ್ಲೈತಿ ನೋಡಬೇ" ಅಂದಳು. ನಾನು ಹುಡುಕಿ ಕೊಟ್ಟೆ.

ಸ್ವಲ್ಪ ದಿನಕ್ಕೆ ದೊಡ್ಡ ಸೊಸೆಯ ಕಾರು ಹಳ್ಳಕ್ಕೆ ಬಿತ್ತು. ಆಕೆ ದವಾಖಾನೆಯಲ್ಲಿ ಮೈಮೇಲೆ ಎಚ್ಚರವಿಲ್ಲದೆ ಮಲಗಿದಳು, ಮುಖದ ತುಂಬ ಬ್ಯಾಂಡೇಜು. ಆ ಪಾತ್ರ ಮಾಡುವವಳು ಬಿಟ್ಟುಹೋಗಿರಬೇಕು, ಇನ್ನು ಈಕೆಯನ್ನು ಸಾಯಿಸುತ್ತಾರೆ ಎಂದು ಭಾಬಿ ತೀರ್ಪು ಕೊಟ್ಟಳು. ಸಾಯಿಸಲಿ, ಬಾಗಿಲಲ್ಲಿ ನಿಲ್ಲುವುದಾದರೂ ತಪ್ಪುತ್ತದೆ ಎಂದೆ ನಾನು. ಆಯಿಗೆ ಸಿಟ್ಟು ಬಂದು ಆ ದಿನ ನನ್ನ ಚಹಾ ಕುಡಿಯಲಿಲ್ಲ. ಮರುದಿನ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದಳು:

"ನಾ ಇಟಗಿ ಭೀಮವ್ವಗ ಬೇಡ್ಕೊಂಡೇನಿ. ದೊಡ್ಡ ಸೊಸಿ ಎದ್ದು ಕುಂತ್ರ, ಭೀಮವ್ವನ ಗುಡಿ ಮುಂದ ಆಕಿ ಉಡಿ ತುಂಬ್ತೀನಿ ಅಂದೇನಿ."

ಭಾಬಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹರಕೆ ಹೊರುವಾಗ ಮುದುಕಿಗೆ ಎರಡು ಸಂಗತಿ ಮರೆತುಹೋಗಿದ್ದವು. ಒಂದು, ದೊಡ್ಡ ಸೊಸೆ ಟಿವಿಯಿಂದ ಇಳಿದು ಇಟಗಿಗೆ ಬರುವವಳಲ್ಲ. ಇನ್ನೊಂದು, ಆಕೆ ಗಂಡನಿಲ್ಲದವಳು, ಆಕೆಯ ಉಡಿಯನ್ನು ಯಾರೂ ತುಂಬುವುದಿಲ್ಲ. ಮೊದಲನೆಯದನ್ನು ಭಾಬಿ ನಗುತ್ತ ಕೇಳಿಯೇಬಿಟ್ಟಳು. ಎರಡನೆಯದನ್ನು ಕೇಳಬೇಕಾದವಳು ನಾನು. ಕೇಳಲಿಲ್ಲ.

ತಿಂಗಳು ಕಳೆದು ದೊಡ್ಡ ಸೊಸೆ ಎದ್ದು ಕುಳಿತಳು. ಬ್ಯಾಂಡೇಜು ಬಿಚ್ಚಿದರೆ ಬೇರೆಯೇ ಮುಖ. ಡಾಕ್ಟರು ಆಪರೇಷನ್ ಮಾಡಿ ಹೊಸ ಮುಖ ಕೊಟ್ಟರಂತೆ. ನಮಗೆ ಹದಿನೈದು ದಿನಕ್ಕಾಗುವಷ್ಟು ಮೇವು ಸಿಕ್ಕಿತು.

"ಮಾರಿ ಬ್ಯಾರೆ, ದನಿ ಬ್ಯಾರೆ," ಅಂದೆ ನಾನು. "ಆಪರೇಷನ್ ಮಾಡಿದ್ರ ಭುಜ ಸಣ್ಣ ಆಕ್ಕಾವನು? ಮೊದಲಿನಾಕಿ ಭುಜ ಹದಿನೈದ ಇಂಚು. ಈಕೀದು ಹದಿನಾಲ್ಕೂ ಇಲ್ಲ. ಇಪ್ಪತ್ತ ವರ್ಷ ಭುಜ ಅಳದಾಕಿ ಹೇಳಾಕ ಹತ್ತೇನಿ, ಇಕಿ ಆಕಿ ಅಲ್ಲ."

"ಮನಿ ಅದ ಐತಿ, ಅತ್ತಿ ಆಕೀನ, ಸೀರಿ ಸೈತ ಅದ ಐತಿ," ಅಂದಳು ಭಾಬಿ. "ಎಲ್ಲಾರೂ ಆಕೀನ ಅಂದ ಮ್ಯಾಲೆ ಆಕೀನ."

"ಹಂಗಾರ ಹರಕಿ ತೀರಸಬೇಕನು?"

"ಅದನ್ನ ಆಯಿನ್ನ ಕೇಳ್ರಿ."

ಆಯಿ ಕುಪ್ಪಸದಿಂದ ತಲೆ ಎತ್ತಲಿಲ್ಲ. "ನಾ ಟಿವಿಗೆ ಹರಕಿ ಹೊತ್ತಿಲ್ಲ. ಭೀಮವ್ವಗ ಹೊತ್ತೇನಿ. ತೀರಸ್ತೀನಿ."

ಹೇಗೆ ತೀರಿಸುವುದು ಎಂಬುದಕ್ಕೆ ಭಾಬಿಯೇ ದಾರಿ ತೋರಿಸಿದಳು, ಚೇಷ್ಟೆಗೆ. ಟಿವಿಯ ಮುಂದೆಯೇ ಉಡಿ ತುಂಬಿಬಿಡು, ಆಮೇಲೆ ಅದನ್ನು ಇಟಗಿಗೆ ಒಯ್ಯಿ ಎಂದಳು. ಆಯಿ ಅದನ್ನು ಚೇಷ್ಟೆ ಅಂದುಕೊಳ್ಳಲಿಲ್ಲ. ಮರುದಿನ ಮಧ್ಯಾಹ್ನ ಮರುಪ್ರಸಾರದ ಹೊತ್ತಿಗೆ ಕೈಕಾಲು ತೊಳೆದು, ಟಿವಿಯ ಕೆಳಗೆ ಸ್ಟೂಲಿನ ಮೇಲೆ ತಾಟಿಟ್ಟು, ಮುಷ್ಟಿಯಲ್ಲಿ ಅಕ್ಕಿ ಹಿಡಿದು ನಿಂತಳು. ದೊಡ್ಡ ಸೊಸೆ ಕಂಡ ಕೂಡಲೇ ತಾಟಿಗೆ ಹಾಕುವುದು ಎಂದು ಲೆಕ್ಕ. ಸಣ್ಣ ಸೊಸೆ ಬಂದಳು, ಅತ್ತಳು. ಜಾಹೀರಾತು ಬಂತು, ಒಬ್ಬ ಪಾಯಖಾನೆ ತಿಕ್ಕಿ ನಕ್ಕ. ಮತ್ತೆ ಸಣ್ಣ ಸೊಸೆ, ಮತ್ತೆ ಜಾಹೀರಾತು. ಆಯಿಯ ಮುಷ್ಟಿ ಹಾಗೇ ಇತ್ತು. ಆ ದಿನದ ಕಂತು ಮುಗಿಯಿತು. ದೊಡ್ಡ ಸೊಸೆಗೆ ಒಂದು ದೃಶ್ಯವನ್ನೂ ಕೊಟ್ಟಿರಲಿಲ್ಲ.

ಆಯಿ ಮುಷ್ಟಿ ಬಿಚ್ಚಿದಳು. ಬೆವರಿಗೆ ಅಕ್ಕಿ ಅಂಗೈಗೆ ಅಂಟಿತ್ತು. ಭಾಬಿ ಹೊಸ್ತಿಲ ಮೇಲೆ ಬಿದ್ದು ಬಿದ್ದು ನಕ್ಕಳು. ನಾನೂ ಹೊಟ್ಟೆ ಹಿಡಿದು ನಕ್ಕೆ. ಕೊನೆಗೆ ಆಯಿಗೂ ನಗು ಬಂತು. ನಕ್ಕು ಮುಗಿಸಿ, ಅಕ್ಕಿಯ ಕಾಳುಗಳನ್ನು ಒಂದೊಂದಾಗಿ ಬಿಡಿಸಿ ತಾಟಿಗೆ ಹಾಕಿದಳು.

ಆ ವಾರವೇ ಆಕೆ ಗಜೇಂದ್ರಗಡಕ್ಕೆ ಹೋಗಿ ಒಂದು ಕಣ ತಂದಳು. ಹಸಿರು ಮೈ, ಕೆಂಪು ಅಂಚು, ಮುಟ್ಟಿದರೆ ದಪ್ಪ ನೇಯ್ಗೆ ತಿಳಿಯುತ್ತಿತ್ತು. ನಾನು ಬೆಳಕಿಗೆ ಹಿಡಿದು ನೋಡಿ ಮೆಚ್ಚಿದೆ. ಭೀಮವ್ವನಿಗೇ ಉಡಿ ಕೊಟ್ಟು ಬರುವ ವಿಚಾರ ಮಾಡಿರಬೇಕು, ಇಷ್ಟು ಬುದ್ಧಿ ಮೊದಲೇ ಬಂದಿದ್ದರೆ ಚಲೋ ಇತ್ತು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆಯಿ ನಮ್ಮಿಬ್ಬರನ್ನೂ ಜೊತೆಗೆ ಕರೆದಳು. ಅಂಗಡಿಯನ್ನು ಒಂದು ದಿನ ಮುಚ್ಚಿ, ಬುತ್ತಿ ಕಟ್ಟಿಕೊಂಡು ಮೂವರೂ ಇಟಗಿಯ ಬಸ್ ಹತ್ತಿದೆವು. ಅಲ್ಲಿಯವರೆಗೂ ಭಾಬಿ ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗೆ, ಇನ್ನೊಂದು ಆಯಿಯ ಕಿವಿಗೆ ಇಟ್ಟು ಹಿಂದಿನ ದಿನದ ಕಂತು ತೋರಿಸಿದಳು.

ಗುಡಿಯಲ್ಲಿ ಗದ್ದಲವಿರಲಿಲ್ಲ. ಕಾಯಿ ಒಡೆಸಿದೆವು, ಕೈಮುಗಿದೆವು. ಆಯಿ ಕಣವನ್ನು ಪೂಜಾರಿಯ ಕೈಗೆ ಕೊಟ್ಟು ಭೀಮವ್ವನ ಮುಂದೆ ಇರಿಸಿ, ಮತ್ತೆ ಇಸಿದುಕೊಂಡಳು. ನನಗೆ ತಿಳಿಯಲಿಲ್ಲ. ಹೊರಗೆ ಬಂದು ನೆರಳಿನ ಕಟ್ಟೆಯ ಮೇಲೆ ಕೂತು, ಗಂಟು ಬಿಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಎಲ್ಲ ತಾಟಿಗೆ ಸುರಿದು, ನನ್ನ ಕಡೆ ತಿರುಗಿ, "ಸೆರಗ ಹಿಡಿ" ಅಂದಳು.

ಮೊದಲು ಬಂದದ್ದು ಸಿಟ್ಟೇ. ಯಾರೋ ಬರೆದ ಗೊಂಬೆಗೆ ಹೊತ್ತ ಹರಕೆ, ಆಕೆ ಸಿಗಲಿಲ್ಲವೆಂದು ನನ್ನ ಸೆರಗಿಗೆ ಸುರಿಯುವುದೇ? ಒಂಬತ್ತು ವರ್ಷ ಯಾರ ಮುಂದೆಯೂ ಸೆರಗು ಒಡ್ಡದವಳು ನಾನು.

"ಟಿವಿಯಾಕಿ ಸಿಗಲಿಲ್ಲಂತ ನಾ ಸಿಕ್ಕೆನು? ನಾ ಒಲ್ಲೆ ಆಯಿ."

ಆಯಿಗೆ ಕೋಪ ಬರಲಿಲ್ಲ. "ಮಾರಿ ಬದಲಾತು, ಬದಲಾತು ಅಂತ ನೀವಿಬ್ರೂ ಹದಿನೈದ ದಿನ ಬಡದಾಡಿದ್ರಿ," ಅಂದಳು. "ನನಗೇನೂ ಬದಲಾಗ್ಲಿಲ್ಲ. ಆಕಿ ತಾಟ ಹಿಡದು ಬಾಗಲದಾಗ ನಿಂತಾಗಿಂದ ನನಗ ಆಕಿ ಮಾರ್ಯಾಗ ನೀನ ಕಾಣ್ತಿದ್ದಿ. ನರಗುಂದದಿಂದ ಬರಿ ಚೀಲ ಹಿಡಕೊಂಡು ಬಂದಿದ್ದಿ ಅಲ್ಲ, ಆ ಹಸರ ಕುಪ್ಪಸಕ್ಕ ಹುಕ್ಕು ಹಚ್ಚಿದಾಕಿ ನಾನ. ನನಗ ತಿಳಿಯೂದಿಲ್ಲೇನು? ಭೀಮವ್ವಗ ಬೇಡ್ಕೊಳ್ಳುವಾಗ ನಿನ್ನ ಹೆಸರ ತಗೊಂಡಿದ್ರ ನೀ ಬರ್ತಿದ್ದಿಲ್ಲ. ಅದಕ್ಕ ಆಕಿ ಹೆಸರ ತಗೊಂಡೆ."

ಅಂದರೆ ಮುದುಕಿ ಏನನ್ನೂ ಮರೆತಿರಲಿಲ್ಲ. ಮರೆತಿದ್ದಾಳೆಂದು ನಕ್ಕವಳು ನಾನು.

ಭಾಬಿ ಎದ್ದು ಬಂದು ನನ್ನ ಸೆರಗಿನ ಒಂದು ಚುಂಗು ತಾನೇ ಹಿಡಿದಳು. "ಹಿಡೀರಿ ಅಕ್ಕಾರ. ಆಯಿ ಕೈ ಸೋಲ್ತಾವು."

ಇನ್ನೊಂದು ಚುಂಗನ್ನು ನಾನು ಹಿಡಿದೆ. ಆಯಿ ಐದು ಸಲ ಅಕ್ಕಿ ಹಾಕಿದಳು, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಹಾಕಿದಳು, ಕೊನೆಗೆ ಕಣ ಇಟ್ಟಳು. ಕುಂಕುಮದ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪಕ್ಕದ ಕಟ್ಟೆಯಲ್ಲಿ ಕೂತ ಜಕ್ಕಲಿ ಊರಿನ ಹೆಂಗಸೊಬ್ಬಳು ನನ್ನ ಬೋಳು ಕೊರಳನ್ನು ನೋಡಿದಳು, ಏನೋ ಕೇಳಲು ಹೋಗಿ ಬಿಟ್ಟಳು. ಸೆರಗು ಭಾರವಾಗಿತ್ತು. ಉಡಿಗೆ ಅಷ್ಟು ಭಾರವಿರುತ್ತದೆ ಎಂಬುದು ನನಗೆ ಮರೆತುಹೋಗಿತ್ತು. ನಾನು ಅತ್ತೆ, ಖುಷಿಗೇ ಅತ್ತೆ, ಅದನ್ನು ಮುಚ್ಚಿಡಲೂ ಇಲ್ಲ. ಆಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಕೆಂಪು ಚಟ್ನಿ, ಮೊಸರು ಉಂಡೆವು. ದೊಡ್ಡ ಸೊಸೆಗೆ ಗಿರಣಿ ತಿರುಗಿ ಕೊಡುತ್ತಾರೋ ಇಲ್ಲವೋ ಎಂದು ಬಸ್ಸು ಬರುವವರೆಗೂ ಜಗಳಾಡಿದೆವು.

ಮರುದಿನ ಅಂಗಡಿಯಲ್ಲಿ ಆ ಕಣವನ್ನು ಮೇಜಿನ ಮೇಲೆ ಹಾಸಿದೆ. ಒಂಬತ್ತು ವರ್ಷದಿಂದ ನನ್ನ ಕುಪ್ಪಸಗಳನ್ನು, ಒಂದು ಹಳೆಯ ಕುಪ್ಪಸವನ್ನೇ ಅಳತೆಗೆ ಬಟ್ಟೆಯ ಮೇಲಿಟ್ಟು, ಕತ್ತರಿಸಿಕೊಳ್ಳುತ್ತಿದ್ದೆ. ಅವು ತೋಳಿನಲ್ಲಿ ಬಿಗಿಯಾಗಿದ್ದವು, ಹಾಗೇ ನಡೆಸಿದ್ದೆ. ಅಳತೆಯ ಪುಸ್ತಕದಲ್ಲಿ ಊರಿನ ಹೆಂಗಸರಿಗೆಲ್ಲ ಒಂದೊಂದು ಪುಟವಿತ್ತು, ನನಗಿರಲಿಲ್ಲ. ಭಾಬಿ ಟೇಪು ಹಿಡಿದು ಅಳತೆ ತೆಗೆದಳು. ಸೊಂಟದ ಅಳತೆಯನ್ನು ಮಾತ್ರ ತನ್ನ ಗಂಡನ ಅಂಗಡಿಗೂ ಕೇಳುವಂತೆ ಎರಡು ಸಲ ಹೇಳಿದಳು. ನಾನು ಹೊಸ ಪುಟ ತೆಗೆದು ಒಂದೊಂದನ್ನೇ ಬರೆದುಕೊಂಡೆ. ಪುಟದ ಮೇಲ್ಭಾಗದಲ್ಲಿ ಹೆಸರಿನ ಜಾಗ ಖಾಲಿ ಇತ್ತು.

"ದೊಡ್ಡ ಸೊಸಿ ಅಂತ ಬರಿ," ಅಂದಳು ಆಯಿ, ಸೂಜಿಗೆ ಹಸಿರು ದಾರ ಪೋಣಿಸುತ್ತ.

ನಾನು ನನ್ನ ಹೆಸರು ಬರೆದೆ.